ಇಬ್ಬರು ಗೈಡ್, ಒಂದು ಪಿಎಚ್‌ಡಿ: ಎರಡು ವಿಷಯಗಳ ನಡುವೆ ನಿಂತು ಸಂಶೋಧನೆ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಪಿಎಚ್‌ಡಿ ಮಾಡಿದ್ದು ಕ್ಯಾನ್ಸರ್ ಕೋಶಗಳು ಎಷ್ಟು ಮೆತ್ತಗಿರುತ್ತವೆ ಅನ್ನೋದರ ಮೇಲೆ. ಒಬ್ಬ ಗೈಡ್ ಎಂಜಿನಿಯರಿಂಗ್ ಕಡೆಯವರು, ಇನ್ನೊಬ್ಬರು ಬಯಾಲಜಿ ಕಡೆಯವರು. ಎರಡು ಲ್ಯಾಬ್, ಎರಡು ಮೇಜು, ಎರಡು ವಾಟ್ಸಾಪ್ ಗುಂಪು. ಎರಡನೇ ವರ್ಷ ಎರಡೂ ಲ್ಯಾಬಿನವರು ಬೇರೆ ಬೇರೆ ದಿನ ಟ್ರಿಪ್ ಹೋದರು, ಎರಡಕ್ಕೂ ನನ್ನನ್ನು ಕರೆಯಲಿಲ್ಲ. ಬೇಕಂತ ಮಾಡಿದ್ದಲ್ಲ. ಅವರು ಕರೆದಿರುತ್ತಾರೆ ಅಂತ ಇವರು, ಇವರು ಕರೆದಿರುತ್ತಾರೆ ಅಂತ ಅವರು.

ಅಂತರ್‌ಶಿಸ್ತೀಯ ಪಿಎಚ್‌ಡಿಯ ಪಾಡು ಬಹುಪಾಲು ಇದೇ. ಟ್ರಿಪ್ ತಪ್ಪಿದರೆ ಪರವಾಗಿಲ್ಲ. ಆದರೆ ‘ಈ ಕೆಲಸ ಮುಗಿಯಿತು’ ಅನ್ನೋದಕ್ಕೆ ಎರಡು ಕಡೆ ಎರಡು ಅರ್ಥ ಇರುತ್ತದೆ, ಅದನ್ನು ಮೊದಲೇ ಮಾತಾಡಿ ಬರೆದಿಡದಿದ್ದರೆ ಆ ಜಗಳ ಐದನೇ ವರ್ಷದಲ್ಲಿ ನಿಮ್ಮ ಥೀಸಿಸ್ ಮೇಲೆ ನಡೆಯುತ್ತದೆ. ಅದನ್ನು ತಪ್ಪಿಸಿಕೊಳ್ಳುವುದು ಹೇಗೆ ಅಂತ ಮೊದಲ ದಿನದಿಂದ ಕೊನೆಯ ದಿನದವರೆಗೆ ಕ್ರಮವಾಗಿ ಹೇಳುತ್ತೇನೆ. ಉದಾಹರಣೆಗಳು ಹೆಚ್ಚಾಗಿ ಬಯೋಎಂಜಿನಿಯರಿಂಗ್ ಕಡೆಯವೇ, ನನಗೆ ಗೊತ್ತಿರುವುದು ಅದು. ನೀರು, ಇಂಧನ, ನ್ಯಾನೋ, ಡೇಟಾ ಕಡೆ ಇರುವವರು ಕೋಶ ಅಂದಲ್ಲಿ ನಿಮ್ಮ ಕೆರೆಯನ್ನೋ ಬ್ಯಾಟರಿಯನ್ನೋ ಇಟ್ಟುಕೊಂಡು ಓದಿ.

ಹಂತ 1: ನಿಮ್ಮ ಪ್ರಶ್ನೆಗೆ ನಿಜವಾಗಿ ಎರಡು ವಿಭಾಗ ಬೇಕಾ?

ಅರ್ಜಿ ತುಂಬುವ ಮೊದಲು ಒಂದು ಹಾಳೆ ತೆಗೆದುಕೊಂಡು ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆಮೇಲೆ ಕೇಳಿಕೊಳ್ಳಿ: ಒಂದೇ ವಿಭಾಗದವರು ಇದಕ್ಕೆ ಉತ್ತರ ಕೊಡಬಲ್ಲರಾ? ಕೊಡಬಲ್ಲರು ಅನ್ನಿಸಿದರೆ ಸುಮ್ನೆ ಅಲ್ಲಿಗೇ ಹೋಗಿ. ನಿಮ್ಮ ತಲೆನೋವು ಅರ್ಧ ಕಡಿಮೆ.

ಇಂಟರ್ನೆಟ್‌ನಲ್ಲಿ ಸಿಗುವ ಎಂಆರ್‌ಐ ಚಿತ್ರಗಳನ್ನು ಇಳಿಸಿಕೊಂಡು ಗೆಡ್ಡೆ ಎಲ್ಲಿದೆ ಅಂತ ಗುರುತಿಸುವ ಪ್ರೋಗ್ರಾಮ್ ಬರೆಯುವುದು ಒಳ್ಳೆಯ ಕೆಲಸವೇ. ಆದರೆ ಅದು ಕಂಪ್ಯೂಟರ್ ಸೈನ್ಸ್. ಅದಕ್ಕೆ ಇಬ್ಬರು ಗೈಡ್ ಬೇಕಾಗಿಲ್ಲ. ಮೆತ್ತಗಿರುವ ಕೋಶ ಇಕ್ಕಟ್ಟಾದ ರಕ್ತನಾಳದಲ್ಲಿ ನುಸುಳಿ ಜಾಸ್ತಿ ದೂರ ಹೋಗುತ್ತದೆಯಾ, ಅದನ್ನು ಮೆತ್ತಗೆ ಮಾಡಿದ ಪ್ರೊಟೀನ್ ಯಾವುದು ಅನ್ನುವ ಪ್ರಶ್ನೆ ಬೇರೆ. ಕೋಶವನ್ನು ಲೆಕ್ಕ ಹಾಕಿದ ಬಲದಿಂದ ಒತ್ತುವವರು ಬೇಕು, ಪ್ರೊಟೀನ್ ಆಫ್ ಮಾಡಬಲ್ಲವರೂ ಬೇಕು. ಒಬ್ಬರು ಇಲ್ಲದಿದ್ದರೆ ಇನ್ನೊಬ್ಬರ ಕೆಲಸ ಅಲ್ಲೇ ನಿಲ್ಲುತ್ತದೆ. ಇಂಥ ಪ್ರಶ್ನೆ ಕೈಯಲ್ಲಿದ್ದರೆ ಮುಂದೆ ಓದಿ.

ಹಂತ 2: ಎಲ್ಲಿಗೆ ಅರ್ಜಿ ಹಾಕುವುದು

ಬೆಂಗಳೂರಿನ ಐಐಎಸ್‌ಸಿಯಲ್ಲಿ ಇದಕ್ಕೇ ಅಂತ ಒಂದು ಅಂತರ್‌ಶಿಸ್ತೀಯ ಡಿವಿಷನ್ ಇದೆ. ಬಯೋಎಂಜಿನಿಯರಿಂಗ್, ನ್ಯಾನೋ, ಇಂಧನ, ನೀರು, ಸೈಬರ್ ಫಿಸಿಕಲ್ ಸಿಸ್ಟಮ್ಸ್, ಕಂಪ್ಯೂಟೇಶನಲ್ ಮತ್ತು ಡೇಟಾ ಸೈನ್ಸ್ ಎಲ್ಲವೂ ಅಲ್ಲಿವೆ. ಜಕ್ಕೂರಿನ ಜೆಎನ್‌ಸಿಎಎಸ್‌ಆರ್, ಜಿಕೆವಿಕೆ ಕ್ಯಾಂಪಸ್ಸಿನಲ್ಲಿರುವ ಎನ್‌ಸಿಬಿಎಸ್, ಸುರತ್ಕಲ್ಲಿನ ಎನ್‌ಐಟಿಕೆ, ಧಾರವಾಡದ ಐಐಟಿಯನ್ನೂ ನೋಡಿ. ರಾಜ್ಯದ ವಿಶ್ವವಿದ್ಯಾಲಯದಲ್ಲೇ ಇದ್ದೀರಾ? ಆಗಲೂ ಬಾಗಿಲು ಮುಚ್ಚಿಲ್ಲ. ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳಲ್ಲಿ ಅಂತರ್‌ಶಿಸ್ತೀಯ ಕೆಲಸಕ್ಕೆ ಬೇಕಾದರೆ ಬೇರೆ ವಿಭಾಗದಿಂದ, ಬೇರೆ ವಿಶ್ವವಿದ್ಯಾಲಯದಿಂದಲೂ ಸಹ ಮಾರ್ಗದರ್ಶಕರನ್ನು ಇಟ್ಟುಕೊಳ್ಳಬಹುದು ಅಂತ ಸ್ಪಷ್ಟವಾಗಿ ಬರೆದಿದೆ. ಕಚೇರಿಯಲ್ಲಿ ‘ಹಂಗೆಲ್ಲ ಆಗಲ್ಲ’ ಅಂದರೆ ಆ ಸಾಲಿನ ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸಿ. ಜಗಳ ಬೇಡ, ನಗುತ್ತಾ ತೋರಿಸಿ.

ಗೇಟ್ ಬರೆಯುವವರಿಗೆ ಒಂದು ಮಾತು. 2021ರಿಂದ ಗೇಟ್‌ನಲ್ಲಿ ಎರಡು ಪೇಪರ್ ಬರೆಯಲು ಅವಕಾಶ ಇದೆ, ಆದರೆ ಅವರು ಕೊಟ್ಟಿರುವ ಜೋಡಿಗಳಲ್ಲೇ ಆರಿಸಬೇಕು. ಬಯೋಮೆಡಿಕಲ್, ಲೈಫ್ ಸೈನ್ಸಸ್, ಎನ್ವಿರಾನ್ಮೆಂಟಲ್, ಡೇಟಾ ಸೈನ್ಸ್ ಇವೆಲ್ಲಕ್ಕೂ ಬೇರೆ ಪೇಪರ್ ಇವೆ. ಅಂಕ ಮೂರು ವರ್ಷ ನಡೆಯುತ್ತದೆ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಸ್ವಂತ ವಿಷಯದ ಪೇಪರಿನಲ್ಲೇ ಒಳ್ಳೆಯ ಅಂಕ ತೆಗೆಯಿರಿ. ಕಲಿಯದ ವಿಷಯದಲ್ಲಿ ಸಾಧಾರಣ ಅಂಕ ತಂದು ಯಾರನ್ನೂ ಮೆಚ್ಚಿಸಲು ಆಗುವುದಿಲ್ಲ.

ಸಂದರ್ಶನದಲ್ಲೂ ಇದೇ ಕಥೆ. ಎಂಜಿನಿಯರ್ ಬಂದರೆ ಬಯಾಲಜಿ ಕೇಳುತ್ತಾರೆ ಅಂದುಕೊಂಡು ನಾನು ಒಂದು ತಿಂಗಳು ಕೋಶದ ಭಾಗಗಳನ್ನು ಬಾಯಿಪಾಠ ಮಾಡಿದೆ. ಕೇಳಿದ್ದು ಇಷ್ಟೇ: ಕಲಕದೇ ಬಿಟ್ಟರೆ ಸಕ್ಕರೆ ನೀರಿನಲ್ಲಿ ಒಂದು ಸೆಂಟಿಮೀಟರ್ ಹರಡಲು ಎಷ್ಟು ಹೊತ್ತು ಬೇಕು, ಅಂದಾಜು ಹೇಳು. ಒಂದು ದಿನಕ್ಕಿಂತ ಜಾಸ್ತಿ. ಅದೇ ಒಂದು ಕೋಶದಷ್ಟು ದೂರ, ಅಂದರೆ ಸುಮಾರು 10 ಮೈಕ್ರೋಮೀಟರ್ ಹರಡಲು? ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ದೂರ ಸಾವಿರ ಪಟ್ಟಾದರೆ ಸಮಯ ಹತ್ತು ಲಕ್ಷ ಪಟ್ಟಾಗುತ್ತದೆ. ಕೋಶಗಳು ಯಾಕೆ ಅಷ್ಟು ಚಿಕ್ಕದು, ದೊಡ್ಡ ಪ್ರಾಣಿಗಳಿಗೆ ಯಾಕೆ ಹೃದಯ, ರಕ್ತನಾಳ ಬೇಕು ಅನ್ನುವುದು ಈ ಒಂದು ಲೆಕ್ಕದಿಂದಲೇ ಹೊರಬರುತ್ತದೆ. ನಿಮ್ಮ ವಿಷಯದ ಬುಡ ಗಟ್ಟಿ ಇದೆಯಾ, ಅದನ್ನು ಹೊಸ ಜಾಗದಲ್ಲಿ ಬಳಸಬಲ್ಲಿರಾ, ಇಷ್ಟೇ ಅವರಿಗೆ ಬೇಕಾದದ್ದು.

ಹೊರದೇಶಕ್ಕೆ ಹೋಗುವವರಿಗೆ ಚುಟುಕಾಗಿ. ಅಮೆರಿಕದಲ್ಲಿ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ಎನ್‌ಎಸ್‌ಎಫ್‌ನ ಎನ್‌ಆರ್‌ಟಿ ಅನ್ನುವ ತರಬೇತಿ ಯೋಜನೆ 2014ರಿಂದ ಇದೆ. ಅದರ ಸ್ಟೈಪೆಂಡ್ ಅಲ್ಲಿನ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ನಮ್ಮವರು ಬೇರೆ ಹಣದ ಮೇಲೆ ಓದುತ್ತಾ ಅದರ ತರಬೇತಿಯಲ್ಲಿ ಸೇರಿಕೊಳ್ಳಬಹುದು, ಹೋದ ಕೂಡಲೇ ಕೇಳಿ. ಬ್ರಿಟನ್ನಿನ ಡಾಕ್ಟೊರಲ್ ಟ್ರೇನಿಂಗ್ ಸೆಂಟರ್‌ಗಳಲ್ಲಿ ಒಂದೇ ವರ್ಷ ಸೇರಿದ ಹುಡುಗ ಹುಡುಗಿಯರು ಒಂದು ತಂಡವಾಗಿ ಕಲಿಯುತ್ತಾರೆ, ಒಂಟಿತನ ಕಡಿಮೆ. ಯುರೋಪಿನ ಮೇರಿ ಕ್ಯೂರಿ ಡಾಕ್ಟೊರಲ್ ನೆಟ್‌ವರ್ಕ್‌ಗೆ ಯಾವ ದೇಶದವರೂ ಅರ್ಜಿ ಹಾಕಬಹುದು, ಷರತ್ತು ಏನೆಂದರೆ ನೀವು ಸೇರಲಿರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ವಾಸ ಮಾಡಿರಬಾರದು. ಜರ್ಮನಿಯಲ್ಲಿ ಎಂಎಸ್ ಮಾಡುತ್ತಿರುವವರು ಜರ್ಮನಿಯ ಜಾಗಕ್ಕೇ ಅರ್ಜಿ ಹಾಕಿ ಇಲ್ಲಿಯೇ ಸಿಕ್ಕಿಬೀಳುತ್ತಾರೆ.

ಹಂತ 3: ಗೈಡ್ ಆಯ್ಕೆ, ಅಂದರೆ ಜೋಡಿ ಆಯ್ಕೆ

ಒಬ್ಬೊಬ್ಬರನ್ನೇ ನೋಡಿದರೆ ಸಾಲದು, ಇಬ್ಬರನ್ನೂ ಒಟ್ಟಿಗೆ ನೋಡಬೇಕು. ಇಬ್ಬರೂ ದೊಡ್ಡ ಹೆಸರಿನವರು, ಆದರೆ ಒಟ್ಟಿಗೆ ಒಂದೂ ಪೇಪರ್ ಬರೆದಿಲ್ಲ ಅಂದರೆ ನೀವೇ ಅವರ ಮೊದಲ ಪ್ರಯೋಗ. ಪ್ರಯೋಗವಾಗುವುದು ತಪ್ಪೇನಲ್ಲ, ಗೊತ್ತಿದ್ದು ಆಗಿ.

ಕೇಳಬೇಕಾದ್ದು, ಸಂಕೋಚ ಬಿಟ್ಟು ಕೇಳಿ. ನಿಮ್ಮ ಬಳಿ ಈಗ ಎಷ್ಟು ಜನ ವಿದ್ಯಾರ್ಥಿಗಳಿದ್ದಾರೆ? (ಯುಜಿಸಿ ಲೆಕ್ಕದಲ್ಲಿ ಪ್ರೊಫೆಸರ್‌ಗೆ ಒಮ್ಮೆಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4. ಐಐಟಿಯಂಥ ಕಡೆ ಅವರದೇ ನಿಯಮ.) ನಿವೃತ್ತಿ ಯಾವಾಗ? ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಯುಜಿಸಿ ನಿಯಮದಲ್ಲಿ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ, ನಾಲ್ಕು ವರ್ಷ ಇದ್ದರೂ ಯೋಚಿಸಬೇಕಾದ್ದೇ. ನನ್ನ ಪ್ರಯೋಗದ ಸಾಮಾನಿಗೆ ಯಾರ ಗ್ರಾಂಟಿನಿಂದ ದುಡ್ಡು ಬರುತ್ತದೆ, ಆ ಗ್ರಾಂಟ್ ಯಾವ ವರ್ಷ ಮುಗಿಯುತ್ತದೆ?

ಇದನ್ನೆಲ್ಲ ಗೈಡ್ ಬಾಯಲ್ಲಿ ಕೇಳಿ. ಆದರೆ ಅವರ ವಿದ್ಯಾರ್ಥಿಗಳನ್ನು ಲ್ಯಾಬಿನೊಳಗೆ ಕೇಳಬೇಡಿ, ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿ ಕೇಳಿ. ಒಂದೇ ಪ್ರಶ್ನೆ ಸಾಕು: ಕೊನೆಯ ಇಬ್ಬರು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ? ಉತ್ತರ ಕೊಡುವ ಮೊದಲು ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಂತ 4: ಒಂದು ಪುಟದ ಒಪ್ಪಂದ

ಇದೊಂದನ್ನು ಮಾಡಿದರೆ ಉಳಿದದ್ದೆಲ್ಲ ಸ್ವಲ್ಪ ಸಲೀಸು. ಸೇರಿದ ಮೂರು ತಿಂಗಳೊಳಗೆ ಒಂದು ಪುಟ ಬರೆಯಿರಿ. ಕಾನೂನು ಪತ್ರ ಅಲ್ಲ, ಸಹಿಯೂ ಬೇಡ. ಇಬ್ಬರೂ ಗೈಡ್ ಒಂದೇ ಕೋಣೆಯಲ್ಲಿ ಕೂತಾಗ ಓದಿ ಹೇಳಿ, ತಿದ್ದಿಸಿಕೊಂಡು, ಅದೇ ಸಂಜೆ ‘ಇವತ್ತು ಮಾತಾಡಿದ್ದು ಇದು, ತಪ್ಪಿದ್ದರೆ ತಿಳಿಸಿ’ ಅಂತ ಇಬ್ಬರಿಗೂ ಒಂದೇ ಇಮೇಲ್ ಕಳಿಸಿ.

ಅದರಲ್ಲಿ ಏನಿರಬೇಕು? ಪ್ರಶ್ನೆ, ಒಂದೇ ವಾಕ್ಯದಲ್ಲಿ. ಎಂಜಿನಿಯರಿಂಗ್ ಕಡೆಯವರಿಗೆ ಯಾವುದು ಸಿಕ್ಕರೆ ಸಾಕು, ಬಯಾಲಜಿ ಕಡೆಯವರಿಗೆ ಯಾವುದು ಸಿಕ್ಕರೆ ಸಾಕು, ಬೇರೆ ಬೇರೆಯಾಗಿ. ವಾರದಲ್ಲಿ ಯಾವ ದಿನ ಯಾವ ಲ್ಯಾಬ್. ಇಬ್ಬರೂ ಒಟ್ಟಿಗೆ ಕೂರುವ ಮೀಟಿಂಗ್ ಎಷ್ಟು ದಿನಕ್ಕೊಮ್ಮೆ, ತಿಂಗಳಿಗೆ ಒಂದಾದರೂ ಇರಲಿ. ರಜೆ ಕೇಳಬೇಕಾದ್ದು ಯಾರನ್ನು. ಮೊದಲ ಪೇಪರಿನಲ್ಲಿ ಹೆಸರುಗಳ ಕ್ರಮ ಹೇಗೆ. ಒಬ್ಬರು ಊರು ಬಿಟ್ಟು ಹೋದರೆ ಏನು.

ನಾನು ಇದನ್ನು ಮಾಡಲಿಲ್ಲ. ನನ್ನ ಒಬ್ಬ ಗೈಡ್ ಪ್ರಕಾರ ಕೋಶದ ಗಡಸುತನ ಅಳೆಯುವ ಚಿಪ್ ಕೆಲಸ ಮಾಡಿದರೆ ಒಂದು ಅಧ್ಯಾಯ ಮುಗಿಯಿತು. ಇನ್ನೊಬ್ಬರ ಪ್ರಕಾರ ಚಿಪ್ ಅನ್ನುವುದು ಬರೀ ಸಲಕರಣೆ, ಅದರಿಂದ ಏನು ಗೊತ್ತಾಯಿತು ಅನ್ನುವುದು ಅಧ್ಯಾಯ. ಇಬ್ಬರ ಮಾತೂ ಸರಿಯೇ. ನಾನು ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ಸ್ವಲ್ಪ ಸಿಹಿ ಸೇರಿಸಿ ಹೇಳುತ್ತಾ ಹನ್ನೊಂದು ತಿಂಗಳು ಕಳೆದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಅದು. ಕೊನೆಗೆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದಾಗ ಇಪ್ಪತ್ತು ನಿಮಿಷದಲ್ಲಿ ಬಗೆಹರಿಯಿತು. ದೂತನ ಕೆಲಸ ಯಾವತ್ತೂ ಒಪ್ಪಿಕೊಳ್ಳಬೇಡಿ.

ಹಂತ 5: ಮೊದಲ ವರ್ಷ, ಮತ್ತೆ ಡಿಗ್ರಿ ಹುಡುಗರ ಜೊತೆ

ಯುಜಿಸಿ ನಿಯಮದಲ್ಲಿ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಎಲ್ಲರೂ ಮಾಡುವ ತಪ್ಪು ಏನು ಅಂದರೆ, ಅಂಕ ಸುಲಭವಾಗಿ ಬರುತ್ತದೆ ಅಂತ ತಮಗೆ ಗೊತ್ತಿರುವ ಕಡೆಯ ಕೋರ್ಸ್‌ಗಳನ್ನೇ ತೆಗೆದುಕೊಳ್ಳುವುದು. ಇಲ್ಲಾಂದರೆ ಆ ಕಡೆಯ ತೀರಾ ಮುಂದುವರಿದ ಕೋರ್ಸಿಗೆ ನುಗ್ಗಿ ಮುಳುಗುವುದು. ನೀವು ಎಂಜಿನಿಯರ್ ಆದರೆ ಡಿಗ್ರಿ ಎರಡನೇ ವರ್ಷದವರಿಗೆ ಮಾಡುವ ಸೆಲ್ ಬಯಾಲಜಿ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿ. ಬಯಾಲಜಿಯವರು ಲೀನಿಯರ್ ಆಲ್ಜಿಬ್ರಾ, ಸಂಖ್ಯಾಶಾಸ್ತ್ರ, ಸ್ವಲ್ಪ ಪೈಥಾನ್ ಕಲಿಯಿರಿ. ಹದಿನೆಂಟು ವರ್ಷದ ಹುಡುಗಿ ನಿಮಗಿಂತ ಬೇಗ ಉತ್ತರ ಕೊಡುತ್ತಾಳೆ, ಮುಜುಗರವಾಗುತ್ತದೆ, ಆಗಲಿ.

ಜೊತೆಗೆ ಒಂದು ಪದಗಳ ಪುಸ್ತಕ ಇಡಿ. ಎರಡೂ ಕಡೆ ಒಂದೇ ಪದ, ಅರ್ಥ ಬೇರೆ. ‘ಮಾಡೆಲ್’ ಅಂದರೆ ನನಗೆ ಸಮೀಕರಣ, ಅವರಿಗೆ ಇಲಿ. ‘ವೆಕ್ಟರ್’ ನನಗೆ ಬಾಣದ ಗುರುತು, ಅವರಿಗೆ ಡಿಎನ್‌ಎ ಹೊತ್ತೊಯ್ಯುವ ಗಾಡಿ, ಮಲೇರಿಯಾ ಲ್ಯಾಬಿನವರಿಗೆ ಸೊಳ್ಳೆ. ‘ಕಂಟ್ರೋಲ್’ ನನಗೆ ಯಂತ್ರವನ್ನು ಹಿಡಿತದಲ್ಲಿಡುವುದು, ಅವರಿಗೆ ಹೋಲಿಸಿ ನೋಡಲು ಇಟ್ಟ ಏನೂ ಮಾಡದ ತಟ್ಟೆ. ಒಂದು ದಿನ ಬಯಾಲಜಿ ಲ್ಯಾಬಿನ ಸೀನಿಯರ್ ಅಕ್ಕ ಫೋನ್ ಮಾಡಿ ‘ಪ್ಲಾಸ್ಮಾ ರೆಡಿ ಇದೆಯಾ?’ ಅಂದರು. ‘ಮೂರು ಗಂಟೆಗೆ ಬುಕ್ ಮಾಡಿದ್ದೀನಿ ಅಕ್ಕ’ ಅಂದೆ. ನನ್ನ ತಲೆಯಲ್ಲಿದ್ದದ್ದು ಚಿಪ್ಪನ್ನು ಗಾಜಿಗೆ ಅಂಟಿಸಲು ಬಳಸುವ ಪ್ಲಾಸ್ಮಾ ಯಂತ್ರ. ಅವರು ಕೇಳಿದ್ದು ಫ್ರೀಜರಿನಿಂದ ತೆಗೆದು ಕರಗಿಸಿಡಬೇಕಿದ್ದ ರಕ್ತದ ಪ್ಲಾಸ್ಮಾ. ಆ ದಿನದ ಪ್ರಯೋಗ ಹೋಯಿತು.

ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವು ಮಾರುವವರನ್ನು ನೋಡಿ. ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಪೂರ್ತಿ ಬರುವುದಿಲ್ಲ. ಆದರೆ ಮೊಳ, ಮಾರು, ಕೆಜಿ, ರೇಟು, ಬಾಡಿದ್ದು, ತಾಜಾ ಇಷ್ಟರಲ್ಲಿ ಒಂದು ತಪ್ಪೂ ಆಗುವುದಿಲ್ಲ. ನಿಮಗೂ ಅಷ್ಟೇ ಬೇಕು. ಆ ಕಡೆಯ ವಿಷಯದಲ್ಲಿ ಪಂಡಿತರಾಗಬೇಕಿಲ್ಲ, ವ್ಯಾಪಾರ ನಡೆಯುವ ಪದಗಳಲ್ಲಿ ಎಡವಬಾರದು.

ಕೈಕೆಲಸವನ್ನೂ ಕಲಿಯಿರಿ, ಕಂಪ್ಯೂಟರ್ ಮುಂದೆ ಮಾತ್ರ ಕೂರುವವರಾದರೂ ಸರಿ. ನಮ್ಮ ಚಿಪ್ಪುಗಳಿಗೆ ಬಳಸುವುದು ಪಿಡಿಎಂಎಸ್ ಅನ್ನುವ ಪಾರದರ್ಶಕ ರಬ್ಬರು. ಹತ್ತು ಪಾಲು ದ್ರವಕ್ಕೆ ಒಂದು ಪಾಲು ಗಟ್ಟಿಮಾಡುವ ರಾಸಾಯನಿಕ, ಚೆನ್ನಾಗಿ ಕಲಸಿ, ಗುಳ್ಳೆಯನ್ನೆಲ್ಲ ನಿರ್ವಾತದಲ್ಲಿ ತೆಗೆದು, 70 ಡಿಗ್ರಿಯಲ್ಲಿ ಒಂದೆರಡು ಗಂಟೆ ಬೇಯಿಸಬೇಕು. ಇಡ್ಲಿ ಹಿಟ್ಟಿಗೆ ಪೂರ್ತಿ ಉಲ್ಟಾ, ಒಂದು ಗುಳ್ಳೆ ಉಳಿದರೂ ಚಿಪ್ ಕಸಕ್ಕೆ. ಬಯಾಲಜಿ ಕಡೆಯಿಂದ ಬಂದ ಹುಡುಗನೊಬ್ಬ ಇದನ್ನು ಒಂದು ವಾರ ಮಾಡಿದ ಮೇಲೆ ‘ನಾಳೆ ಹತ್ತು ಚಿಪ್ ಕೊಡಿ’ ಅಂತ ಕೇಳುವುದನ್ನು ನಿಲ್ಲಿಸಿದ.

ಹಂತ 6: ‘ಎನ್ ಎಷ್ಟು?’

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಎನ್ ಅಂದರೆ ಒಂದು ಫಲಿತಾಂಶದ ಹಿಂದೆ ಎಷ್ಟು ಸ್ಯಾಂಪಲ್ ಇವೆ ಅನ್ನುವ ಲೆಕ್ಕ. ಎಂಜಿನಿಯರಿಂಗ್, ಭೌತಶಾಸ್ತ್ರ, ಡೇಟಾ ಕಡೆಯಿಂದ ಬಂದವರು ಬಯಾಲಜಿಯಲ್ಲಿ ಮುಗ್ಗರಿಸುವುದು ಬಹುತೇಕ ಇಲ್ಲೇ, ಮತ್ತೆ ಇದನ್ನು ಯಾವ ಕ್ಲಾಸಿನಲ್ಲೂ ಸರಿಯಾಗಿ ಹೇಳಿಕೊಡುವುದಿಲ್ಲ.

ನನ್ನ ಮೊದಲ ದೊಡ್ಡ ಫಲಿತಾಂಶವನ್ನು ಸಲಹಾ ಸಮಿತಿ ಮುಂದೆ ಇಟ್ಟೆ. ಔಷಧ ಹಾಕಿದ ಕೋಶಗಳು ಮೆತ್ತಗಾಗಿದ್ದವು, ಗ್ರಾಫ್ ಚೆಂದ ಇತ್ತು, ಪಿ ವ್ಯಾಲ್ಯೂ (ಔಷಧದಿಂದ ಏನೂ ಆಗದಿದ್ದರೂ ಇಂಥ ವ್ಯತ್ಯಾಸ ಕಾಣುವ ಸಾಧ್ಯತೆ) ಎಷ್ಟು ಚಿಕ್ಕದಿತ್ತು ಅಂದರೆ ಸೊನ್ನೆಗಳನ್ನು ಎಣಿಸಬೇಕಿತ್ತು. ಸಮಿತಿಯಲ್ಲಿದ್ದ ಹಿರಿಯ ಬಯಾಲಜಿ ಮೇಡಂ ಕೇಳಿದರು: ‘ಎನ್ ಎಷ್ಟು?’

‘ನಾನೂರ ಹನ್ನೆರಡು ಮೇಡಂ.’

‘ಕೋಶ ಎಷ್ಟು ಅಂತ ಕೇಳಲಿಲ್ಲ. ಪ್ರಯೋಗ ಎಷ್ಟು ಸಲ ಮಾಡಿದಿರಿ?’

‘ಒಂದು ಸಲ.’

‘ಹಾಗಾದರೆ ಎನ್ ಒಂದು.’

ಅವರು ಹೇಳಿದ್ದು ಸರಿ. ಒಂದೇ ತಟ್ಟೆಯ 412 ಕೋಶಗಳು ಒಂದೇ ದಿನ, ಒಂದೇ ಇನ್‌ಕ್ಯುಬೇಟರಿನಲ್ಲಿ, ಒಂದೇ ಬಾಟಲಿಯ ಸೀರಂ ಕುಡಿದು ಬೆಳೆದಿವೆ. ಆ ತಟ್ಟೆಗೆ ಏನೋ ಆಗಿದ್ದರೆ ಎಲ್ಲವಕ್ಕೂ ಆಗಿದೆ. ಒಂದು ಮನೆಯ ಎಂಟು ಜನರನ್ನು ಕೇಳಿ ಇಡೀ ತಾಲ್ಲೂಕಿನವರಿಗೆ ರಾಗಿ ಮುದ್ದೆ ಇಷ್ಟ ಅಂದ ಹಾಗೆ. 1984ರಲ್ಲಿ ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ ಈ ತಪ್ಪಿಗೆ ಸ್ಯೂಡೋರೆಪ್ಲಿಕೇಶನ್ ಅನ್ನುವ ಹೆಸರು ಕೊಟ್ಟರು, ಹುಸಿ ಪುನರಾವರ್ತನೆ ಅನ್ನಬಹುದು. ಕೆರೆ ನೀರಿನ ಮೇಲೆ ಕೆಲಸ ಮಾಡುವವರೂ ಗಮನಿಸಿ: ಒಂದೇ ಕೆರೆಯಿಂದ ಒಂದೇ ಬೆಳಿಗ್ಗೆ ತೆಗೆದ 30 ಬಾಟಲಿ ಅಂದರೆ 30 ಕೆರೆ ಅಲ್ಲ.

ಹಾಗಾಗಿ ಪ್ರಯೋಗ ಶುರು ಮಾಡುವ ಮೊದಲೇ ಇಷ್ಟು ಮಾಡಿ. ‘ನಿಮ್ಮ ಕಡೆ ಎನ್ ಅಂದರೆ ಏನು, ಎಷ್ಟಿದ್ದರೆ ನಂಬುತ್ತೀರಿ?’ ಅಂತ ಇಬ್ಬರು ಗೈಡನ್ನೂ ಕೇಳಿ ಬರೆದುಕೊಳ್ಳಿ. ಕನಿಷ್ಠ ಮೂರು ಬೇರೆ ಬೇರೆ ದಿನ, ಬೇರೆ ತಟ್ಟೆ, ಸಾಧ್ಯವಾದರೆ ಬೇರೆ ಬ್ಯಾಚಿನ ಚಿಪ್. ಯಾವ ತಟ್ಟೆಗೆ ಔಷಧ ಹಾಕಿದೆ ಅಂತ ಅಳೆಯುವವರಿಗೆ ಗೊತ್ತಾಗದಂತೆ ಇನ್ನೊಬ್ಬರಿಂದ ಗುರುತು ಹಾಕಿಸಿ. ಗ್ರಾಫಿನಲ್ಲಿ ಪ್ರತಿ ದಿನದ ಸರಾಸರಿಯನ್ನು ಬೇರೆ ಚುಕ್ಕೆಯಾಗಿ ತೋರಿಸಿ, ಆಗ ಯಾರೂ ಕೇಳಬೇಕಾಗಿಯೇ ಇಲ್ಲ.

ನನ್ನದು ಏನಾಯಿತು ಅಂತೀರಾ? ಇನ್ನೂ ನಾಲ್ಕು ಸಲ ಮಾಡಿದೆ. ಮೂರು ಸಲ ಮೆತ್ತಗಾದವು, ಒಂದು ಸಲ ಇಲ್ಲ. ಆ ‘ಇಲ್ಲ’ದ ಹಿಂದೆ ಹೋದಾಗಲೇ ಕೋಶಗಳು ತಟ್ಟೆಯಲ್ಲಿ ಎಷ್ಟು ಒತ್ತೊತ್ತಾಗಿ ಬೆಳೆದಿವೆ ಅನ್ನುವುದೂ ಗಡಸುತನವನ್ನು ಬದಲಿಸುತ್ತದೆ ಅಂತ ಗೊತ್ತಾಗಿದ್ದು. ಥೀಸಿಸ್ಸಿನ ಎರಡನೇ ಅಧ್ಯಾಯ ಅದೇ.

ಹಂತ 7: ಎರಡು ಕ್ಯಾಲೆಂಡರ್

ಕೋಡ್ ಕಾಯುತ್ತದೆ. ಕೋಶ ಕಾಯುವುದಿಲ್ಲ. 37 ಡಿಗ್ರಿ, 5 ಶೇಕಡಾ ಕಾರ್ಬನ್ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ ಹೀಲಾದಂಥ, ಲ್ಯಾಬಿನಲ್ಲಿ ಬೆಳೆಸುವ ಕ್ಯಾನ್ಸರ್ ಕೋಶಗಳು ಸುಮಾರು ಒಂದು ದಿನಕ್ಕೆ ಎರಡರಷ್ಟಾಗುತ್ತವೆ. ಎರಡು ಮೂರು ದಿನಕ್ಕೊಮ್ಮೆ ಬಿಡಿಸಿ ಹೊಸ ತಟ್ಟೆಗೆ ಹಾಕಲೇಬೇಕು, ದೀಪಾವಳಿಯಿದ್ದರೂ ಸರಿ. ಊರಿಗೆ ಹೋಗುವ ಮೊದಲು ಕೋಶಗಳನ್ನು ಫ್ರೀಜ್ ಮಾಡಿ ಹೋಗಿ, ಇಲ್ಲವೇ ಯಾರ ಜೊತೆಯಾದರೂ ಕೊಡುಕೊಳ್ಳುವ ಲೆಕ್ಕ ಇಟ್ಟುಕೊಳ್ಳಿ: ನಿನ್ನ ಸಂಕ್ರಾಂತಿಗೆ ನಾನು, ನನ್ನ ಹಬ್ಬಕ್ಕೆ ನೀನು.

ಅನುಮತಿಗಳನ್ನು ಮೊದಲ ವರ್ಷದಲ್ಲೇ ಶುರು ಮಾಡಿ. ಪ್ರಾಣಿ ಬಳಸಿದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ. ಆಸ್ಪತ್ರೆಯಿಂದ ರಕ್ತ, ಅಂಗಾಂಶ ಅಥವಾ ರೋಗಿಯ ಮಾಹಿತಿ ಬೇಕಾದರೆ ಮಾನವ ನೈತಿಕ ಸಮಿತಿ. ಜೀನ್ ಬದಲಿಸಿದರೆ ಜೈವಿಕ ಸುರಕ್ಷತಾ ಸಮಿತಿ. ಎಂಜಿನಿಯರಿಂಗ್ ವಿಭಾಗದ ಕಚೇರಿಯವರಿಗೆ ಈ ಹೆಸರುಗಳೇ ಗೊತ್ತಿಲ್ಲದಿರಬಹುದು, ನೀವೇ ಓಡಾಡಬೇಕು. ಅನುಮತಿ ಬರುವ ಮೊದಲು ತೆಗೆದ ಡೇಟಾ ಎಷ್ಟು ಚೆನ್ನಾಗಿದ್ದರೂ ಬಳಸುವಂತಿಲ್ಲ. ತಿಂಗಳುಗಟ್ಟಲೆ ಹಿಡಿಯುತ್ತದೆ ಅಂತಲೇ ಲೆಕ್ಕ ಹಾಕಿ. ಆರ್ಡರ್ ಮಾಡಿದ ಆ್ಯಂಟಿಬಾಡಿ ಬರಲಿಕ್ಕೂ ವಾರಗಳು ಹಿಡಿಯುತ್ತವೆ, ಒಂದು ಪುಟ್ಟ ಸೀಸೆಗೆ ನಿಮ್ಮ ತಿಂಗಳ ಸ್ಟೈಪೆಂಡಿನ ಹತ್ತಿರ ಹತ್ತಿರ ಬೆಲೆ.

ಸ್ಟೈಪೆಂಡ್ ಅಂದ ಮೇಲೆ ನೆನಪಾಯಿತು. ಜೆಆರ್‌ಎಫ್, ಎಸ್‌ಆರ್‌ಎಫ್ ಅಂದರೆ ಕಿರಿಯ, ಹಿರಿಯ ಸಂಶೋಧನಾ ಫೆಲೋಶಿಪ್. 2023ರ ಜನವರಿ 1ರಿಂದ ಜೆಆರ್‌ಎಫ್ ತಿಂಗಳಿಗೆ 37,000, ಎಸ್‌ಆರ್‌ಎಫ್ 42,000, ಹಾಸ್ಟೆಲ್ ಇಲ್ಲದಿದ್ದರೆ ಮೇಲೆ ಮನೆ ಬಾಡಿಗೆ ಭತ್ಯೆ. ಎರಡು ವರ್ಷದ ನಂತರ ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್ ತಾನಾಗಿಯೇ ಆಗುವುದಿಲ್ಲ, ಸಮಿತಿ ಕೂತು ಒಪ್ಪಬೇಕು. ಇಬ್ಬರು ಗೈಡ್ ಇದ್ದರೆ ಇಬ್ಬರ ದಿನಾಂಕವೂ ಕೂಡಬೇಕು. ಎರಡು ತಿಂಗಳು ಮೊದಲೇ ಬೆನ್ನು ಹತ್ತಿ. ದುಡ್ಡು ತಡವಾಗುವುದು ಮಾಮೂಲಿ, ಮೂರು ತಿಂಗಳ ಊಟ ಬಾಡಿಗೆಯಷ್ಟು ಕೈಯಲ್ಲಿ ಇಟ್ಟುಕೊಳ್ಳಲು ನೋಡಿ. ನನಗೆ ಆಗಲಿಲ್ಲ, ಅಣ್ಣನಿಂದ ಸಾಲ ಮಾಡಿದೆ.

ಹಂತ 8: ಕಾಂಪ್ರಿ ಮತ್ತು ಆರು ತಿಂಗಳ ಮೀಟಿಂಗ್

ಕಾಂಪ್ರಿಹೆನ್ಸಿವ್ ಪರೀಕ್ಷೆಯಲ್ಲಿ ಎರಡೂ ಕಡೆಯವರು ತಮ್ಮ ಕಡೆಯದನ್ನೇ ಆಳವಾಗಿ ಕೇಳುತ್ತಾರೆ. ಪಠ್ಯದ ಪಟ್ಟಿಯನ್ನು ಮೊದಲೇ ಬರೆದು ಸಮಿತಿಯವರಿಂದ ಒಪ್ಪಿಸಿಕೊಳ್ಳಿ, ಇಲ್ಲಾಂದರೆ ಎರಡು ಪೂರ್ತಿ ಡಿಗ್ರಿಗೆ ಓದಬೇಕಾಗುತ್ತದೆ. ‘ಗೊತ್ತಿಲ್ಲ ಸರ್, ಆದರೆ ಹೀಗೆ ಕಂಡುಹಿಡಿಯುತ್ತೇನೆ’ ಅನ್ನುವ ಉತ್ತರಕ್ಕೆ ಬೆಲೆ ಇದೆ, ಎರಡು ಸಲದವರೆಗೆ.

ಯುಜಿಸಿ ನಿಯಮದಂತೆ ಪ್ರತಿ ಸೆಮಿಸ್ಟರಿಗೆ ಸಲಹಾ ಸಮಿತಿ ಮುಂದೆ ಕೆಲಸ ತೋರಿಸಬೇಕು. ಬಹಳ ಜನ ಇದನ್ನು ಒಂದು ಸಹಿ ಅಂದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಗೈಡ್‌ಗಳಿಬ್ಬರೂ ಒಪ್ಪದ ವಿಷಯವನ್ನು ಮೂರನೆಯವರ ಮುಂದೆ ಇಡಲು ಇರುವ ಜಾಗ ಅದೊಂದೇ. ಮೀಟಿಂಗ್‌ನಲ್ಲಿ ಏನು ತೀರ್ಮಾನವಾಯಿತು ಅನ್ನುವುದು ವರದಿಯಲ್ಲಿ ಬರಲಿ.

ಹಂತ 9: ಪೇಪರ್, ಯಾರ ಹೆಸರು ಎಲ್ಲಿ

ಬಯಾಲಜಿಯಲ್ಲಿ ಮೊದಲ ಹೆಸರು ಕೆಲಸ ಮಾಡಿದವರದ್ದು, ಕೊನೆಯ ಹೆಸರು ಲ್ಯಾಬ್ ನಡೆಸುವವರದ್ದು. ಗಣಿತದಲ್ಲಿ, ಥಿಯರಿ ಕಂಪ್ಯೂಟರ್ ಸೈನ್ಸಿನಲ್ಲಿ ಅಕ್ಷರಮಾಲೆಯ ಕ್ರಮ. ಈಗ ನಿಮಗೆ ಇಬ್ಬರು ಗೈಡ್, ಕೊನೆಯ ಜಾಗ ಒಂದೇ. ಮೊದಲ ಪೇಪರಿನಲ್ಲಿ ಒಬ್ಬರು ಕೊನೆಗೆ, ಎರಡನೆಯದರಲ್ಲಿ ಇನ್ನೊಬ್ಬರು, ಇಬ್ಬರೂ ಪತ್ರ ವ್ಯವಹಾರದ ಲೇಖಕರು ಅಂತ ಮೊದಲೇ ಮಾತಾಡಿಕೊಳ್ಳಿ. ನಿಮ್ಮಷ್ಟೇ ಕೆಲಸ ಮಾಡಿದ ಆ ಕಡೆಯ ವಿದ್ಯಾರ್ಥಿ ಇದ್ದರೆ ಜಂಟಿ ಮೊದಲ ಲೇಖಕರಾಗಿ. ಯಾರು ಏನು ಮಾಡಿದರು ಅಂತ ಹೇಳಲು ಕ್ರೆಡಿಟ್ (CRediT) ಅನ್ನುವ 14 ಪಾತ್ರಗಳ ಪಟ್ಟಿ ಇದೆ, ಬಹಳ ಜರ್ನಲ್‌ಗಳು ಕೇಳುತ್ತವೆ. ಪ್ರಯೋಗ ಶುರುವಾಗುವ ಮೊದಲೇ ಅದನ್ನು ತುಂಬಿ ನೋಡಿ, ಜಗಳ ಇರುವ ಜಾಗ ತಾನಾಗಿಯೇ ಕಾಣುತ್ತದೆ.

ಎಲ್ಲಿ ಪ್ರಕಟಿಸುವುದು ಅನ್ನುವುದೂ ತಂಟೆಯ ವಿಷಯ. ಕಂಪ್ಯೂಟರ್ ಕಡೆಯವರಿಗೆ ಕಾನ್ಫರೆನ್ಸ್ ದೊಡ್ಡದು, ಬಯಾಲಜಿಯವರು ಕಾನ್ಫರೆನ್ಸ್ ಅಂದರೆ ಪೋಸ್ಟರ್ ಅಂದುಕೊಳ್ಳುತ್ತಾರೆ. ಜರ್ನಲಿನಲ್ಲಿ ಬರಲು ವರ್ಷ ಹಿಡಿಯಬಹುದು, ಹಾಗಾಗಿ ಗೈಡ್‌ಗಳು ಒಪ್ಪಿದರೆ, ಪ್ರಕಟಣೆಗೆ ಮುಂಚಿನ ಪೇಪರ್‌ಗಳನ್ನು ಹಾಕುವ ತಾಣಗಳಾದ ಅರ್ಕೈವ್ ಅಥವಾ ಬಯೋಅರ್ಕೈವ್‌ನಲ್ಲಿ ಮೊದಲೇ ಹಾಕಿ. ಯುಜಿಸಿಯ 2022ರ ನಿಯಮ ಥೀಸಿಸ್‌ಗೆ ಮೊದಲು ಪೇಪರ್ ಕಡ್ಡಾಯ ಅನ್ನುವುದನ್ನು ಕೈಬಿಟ್ಟಿದೆ. ಆದರೂ ನಿಮ್ಮ ವಿಭಾಗದ ಒಳ ನಿಯಮ ಏನಿದೆ ನೋಡಿಕೊಳ್ಳಿ.

ಹಂತ 10: ಥೀಸಿಸ್, ಮತ್ತು ಹೊರಡುವ ಮೊದಲು

ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದುತ್ತಾರೆ. ಒಬ್ಬರು ಆ ಕಡೆಯವರು, ಒಬ್ಬರು ಈ ಕಡೆಯವರು ಬಂದರೆ ಇಬ್ಬರಿಗೂ ಅರ್ಧ ಥೀಸಿಸ್ ಹೊಸದು. ಪ್ರತಿ ಅಧ್ಯಾಯದ ಮೊದಲ ಎರಡು ಪುಟ ಇನ್ನೊಂದು ಕಡೆಯವರಿಗಾಗಿ ಬರೆಯಿರಿ. ಎರಡೂ ಕಡೆ ಓಡಾಡಿದ ಪರೀಕ್ಷಕರ ಹೆಸರನ್ನು ಮೂರನೇ ವರ್ಷದಿಂದಲೇ ಗುರುತು ಮಾಡಿಡಿ, ಅವರ ಮಾತು ಕೇಳಲು ಹೋಗಿ, ಆದರೆ ಅವರ ಜೊತೆ ಪೇಪರ್ ಬರೆಯಬೇಡಿ. ಬರೆದರೆ ಅವರು ಪರೀಕ್ಷಕರಾಗಲು ಕಷ್ಟ.

ಜಂಟಿ ಪೇಪರಿನ ಚಿತ್ರಗಳು ಎರಡು ಥೀಸಿಸ್ಸಿನಲ್ಲಿ ಬರುವ ಸಾಧ್ಯತೆ ಇದೆ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದಲ್ಲಿ ಬೇರೆ ಬರಹದ ಜೊತೆ ಹೋಲಿಕೆ 10 ಶೇಕಡಾ ದಾಟಿದರೆ ಪ್ರಶ್ನೆ ಶುರು. ಅಧ್ಯಾಯದ ಆರಂಭದಲ್ಲೇ ‘ಚಿಪ್ ಮತ್ತು ಅಳತೆ ನನ್ನದು, ಪ್ರೊಟೀನ್ ಕೆಲಸ ಇಂಥವರದು’ ಅಂತ ಬರೆದು, ಆ ಇನ್ನೊಬ್ಬರಿಗೂ ತೋರಿಸಿ.

ಪ್ರಮಾಣಪತ್ರದ ಮೇಲೆ ಡಿಗ್ರಿ ಯಾವ ಹೆಸರಿನಲ್ಲಿ ಬರುತ್ತದೆ ಅಂತ ಮೊದಲ ವರ್ಷವೇ ಕೇಳಬೇಕಿತ್ತು, ಕೇಳದಿದ್ದರೆ ಈಗಲಾದರೂ ಕೇಳಿ. ಅಧ್ಯಾಪಕ ಹುದ್ದೆಯ ಜಾಹೀರಾತುಗಳಲ್ಲಿ ‘ಸಂಬಂಧಪಟ್ಟ ಶಾಖೆ’ ಅನ್ನುವ ಮಾತು ಇರುತ್ತದೆ. ಎಂಜಿನಿಯರಿಂಗ್ ಕಾಲೇಜಿನ ಕೆಲಸಕ್ಕೆ ಬಿಇ, ಎಂಟೆಕ್ ಯಾವ ಶಾಖೆ ಅಂತಲೂ ನೋಡುತ್ತಾರೆ. ಎಂಎಸ್‌ಸಿ ಮಾಡಿ ಬಯೋಎಂಜಿನಿಯರಿಂಗ್ ಪಿಎಚ್‌ಡಿ ಪಡೆದ ನನ್ನ ಗೆಳತಿಗೆ ಒಂದು ಕಾಲೇಜಿನಲ್ಲಿ ನೀವು ಎಂಜಿನಿಯರ್ ಅಲ್ಲ ಅಂದರು, ಇನ್ನೊಂದು ಕಡೆ ನೀವು ಬಯಾಲಜಿ ಅಲ್ಲ ಅಂದರು. ಮಾಡಿದ ಕೋರ್ಸ್‌ಗಳ ಪಟ್ಟಿ, ಥೀಸಿಸ್ ಯಾವ ಶಾಖೆಗೆ ಸೇರುತ್ತದೆ ಅನ್ನುವ ವಿಭಾಗದ ಪತ್ರ, ಎರಡನ್ನೂ ಕ್ಯಾಂಪಸ್ ಬಿಡುವ ಮೊದಲೇ ತೆಗೆದಿಟ್ಟುಕೊಳ್ಳಿ. ಆಮೇಲೆ ಆ ಪತ್ರಕ್ಕಾಗಿ ಅಲೆಯುವುದು ಬೇಡ. ಕಂಪನಿಗಳಿಗೆ ಇದರ ಗೊಡವೆ ಕಡಿಮೆ, ಎರಡು ತಂಡದ ನಡುವೆ ಮಾತಾಡಬಲ್ಲಿರಾ ಅಂತ ನೋಡುತ್ತಾರೆ.

ಕೊನೆಯ ವಾರ ಎರಡೂ ಲ್ಯಾಬಿಗೆ ಹಸ್ತಾಂತರ. ಕೋಡ್ ಎಲ್ಲಿದೆ, ಹೇಗೆ ಓಡಿಸಬೇಕು ಅಂತ ಬಯಾಲಜಿಯವರಿಗೂ ಅರ್ಥವಾಗುವ ಹಾಗೆ ಒಂದು ಪುಟ ಬರೆಯಿರಿ, ಅವರಲ್ಲಿ ಒಬ್ಬರನ್ನು ಕೂರಿಸಿ ನಿಮ್ಮೆದುರೇ ಓಡಿಸಿ. ಮೈನಸ್ 80ರ ಫ್ರೀಜರಿನಲ್ಲಿ ನಿಮ್ಮ ಡಬ್ಬಿಗಳ ಪಟ್ಟಿ ಮಾಡಿ, ಬೇಡದ್ದನ್ನು ಎಸೆಯಿರಿ, ಬೇಕಾದ್ದಕ್ಕೆ ಹೊಸ ಚೀಟಿ ಅಂಟಿಸಿ: ಕೋಶದ ಹೆಸರು, ದಿನಾಂಕ, ಎಷ್ಟನೇ ಸಲ ಬಿಡಿಸಿದ್ದು. ಮಾರ್ಕರಿನಲ್ಲಿ ಬರೆಯಬೇಡಿ. ಒಂದು ಹನಿ ಎಥನಾಲ್ ತಾಗಿದರೂ ಅಳಿಸಿ ಹೋಗುತ್ತದೆ. ಪೆನ್ಸಿಲಿನಲ್ಲಿ ಬರೆಯಿರಿ.